ಹೆದ್ದಾರಿಯೂ ಹೆಜ್ಜುಂಕವೂ

‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆಯನ್ನು ಕಟ್ಟಿದ ಪುಣ್ಯಾತ್ಮರು ಯಾರೋ ತಿಳಿಯದು. ಸುಂಕದ ಕಟ್ಟೆಯ ಮುಂದೆ ಬಂಡಿ ನಿಲ್ಲಿಸಿಕೊಂಡು ಬಹಳ ಹೊತ್ತು ಕಾದವರೇ ಇರಬೇಕು. ನಮ್ಮ ಹಳೆಯ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂದು ತೆರಿಗೆಗಳ ಹೆಸರುಗಳು ಸಾಲುಗಟ್ಟಿ ಬರುತ್ತವೆ. ಹಿರಿದಾದ ದಾರಿ ಹೆದ್ದಾರಿಯಾದಂತೆಯೇ ಹಿರಿದಾದ ಸುಂಕ ಹೆಜ್ಜುಂಕವಾಯಿತು. ಎರಡು ಮಾತುಗಳೂ ಒಂದೇ ಅಚ್ಚಿನಲ್ಲಿ ಎರಕಗೊಂಡಿರುವುದು ಬರಿಯ ವ್ಯಾಕರಣದ ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ದಾರಿ ಇದ್ದಲ್ಲಿ ಸುಂಕ ಇದ್ದೇ ಇರುತ್ತದೆ. ಪ್ರಶ್ನೆ ಇರುವುದು, ಅದನ್ನು ಯಾವುದರಿಂದ ಅಳೆಯಬೇಕು ಎಂಬುದರಲ್ಲಿ.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದಾರಿಯ ಸುಂಕಕ್ಕೆ ‘ವರ್ತನಿ’ ಎಂದು ಹೆಸರು. ಸರಕು ಹೊತ್ತ ಬಂಡಿಗೆ ಒಂದೂಕಾಲು ಪಣ, ಕುದುರೆಯಂತಹ ಒಂಟಿಗೊರಸಿನ ಪ್ರಾಣಿಗೆ ಒಂದು ಪಣ, ದನಕ್ಕೆ ಅರ್ಧ, ಸಣ್ಣ ಪ್ರಾಣಿಗೆ ಕಾಲು, ಹೆಗಲ ಹೊರೆಗೆ ಒಂದೇ ಒಂದು ಮಾಷ. ಹೀಗೆ ವಸೂಲು ಮಾಡಿದ ಗಡಿಯ ಅಧಿಕಾರಿಯೇ ದಾರಿಯಲ್ಲಿ ಕಳುವಾದ ಸರಕಿಗೂ ಹೊಣೆಗಾರ. (ಈ ಕಡೆಯ ಮಾತನ್ನು ಮುಂದಿನ ಕಾಲದ ಸುಂಕದವರು ಜಾಣತನದಿಂದ ಮರೆತರು.) ಎತ್ತು ಹುಲ್ಲು ತಿಂದಿತೋ ಹಿಂಡಿ ತಿಂದಿತೋ ಎಂದು ಕೌಟಿಲ್ಯನು ವಿಚಾರಿಸಲಿಲ್ಲ.

ಆಧುನಿಕರು ವಿಚಾರಿಸಿದ್ದು ಅದನ್ನೇ. ಜಯಕರ್ ಸಮಿತಿಯ ಸಲಹೆಯಂತೆ 1929ರಲ್ಲಿ ನಮ್ಮ ದೇಶದಲ್ಲಿ ಪೆಟ್ರೋಲಿನ ಮೇಲೆ ಹೆಚ್ಚಿನ ಸುಂಕ ಹಾಕಿ ರಸ್ತೆಗಳಿಗೆಂದು ನಿಧಿಯೊಂದನ್ನು ಕೂಡಿಸಿದರು. ಬಹು ಸುಲಭವಾದ ಉಪಾಯ. ಹೆಚ್ಚು ಓಡಿದವನು ಹೆಚ್ಚು ಎಣ್ಣೆ ಸುಡುತ್ತಾನೆ, ಹೆಚ್ಚು ಕೊಡುತ್ತಾನೆ. ಕೊಟ್ಟದ್ದು ಅವನಿಗೇ ತಿಳಿಯುವುದಿಲ್ಲ. ಆದರೆ ಎಣ್ಣೆಯನ್ನೇ ಮುಟ್ಟದ ವಿದ್ಯುತ್ ಕಾರು ಬಂದೊಡನೆ ಈ ಉಪಾಯದ ಬುಡವೇ ಅಲುಗಾಡಿತು.

ನನ್ನ ಭಾವಮೈದುನನು ಮೆಲ್ಬೋರ್ನಿನ ಹೊರವಲಯದಲ್ಲಿ ಸಂಸಾರ ಹೂಡಿದ್ದಾನೆ. ನಗರದೊಳಗೆ ಮನೆ ಕೊಳ್ಳುವ ಶಕ್ತಿ ಇಲ್ಲದವರೆಲ್ಲರೂ ಇರುವುದು ಅಲ್ಲಿಯೇ. ಹೆಂಡತಿ ಆಸ್ಪತ್ರೆಯಲ್ಲಿ ದಾದಿ. ರಾತ್ರಿಯ ಪಾಳಿ ಮುಗಿಸಿ ಬರಲು ಕಾರಲ್ಲದೆ ಬೇರೆ ಗತಿಯಿಲ್ಲ. ಎಣ್ಣೆಯ ಖರ್ಚು ಉಳಿಯಲೆಂದು ಸಾಲ ಮಾಡಿ ವಿದ್ಯುತ್ ಕಾರು ಕೊಂಡರು. ವಿಕ್ಟೋರಿಯಾ ರಾಜ್ಯದ ಸರ್ಕಾರವು 2021ರ ಜುಲೈ 1ರಿಂದ ಅಂತಹ ಕಾರುಗಳು ಓಡುವ ಪ್ರತಿ ಕಿಲೋಮೀಟರಿಗೆ ಎರಡೂವರೆ ಸೆಂಟ್ ಸುಂಕ ವಿಧಿಸಿತು. ಮನೆಯಲ್ಲಿ ವಿದ್ಯುತ್ ತುಂಬಿಸಿಕೊಂಡು ಪೆಟ್ರೋಲನ್ನೂ ಕುಡಿಯುವ ‘ಪ್ಲಗ್-ಇನ್ ಹೈಬ್ರಿಡ್’ ಕಾರುಗಳಿಗೆ ಎರಡು ಸೆಂಟ್. ಮಾಲೀಕನು ವರ್ಷಕ್ಕೊಮ್ಮೆ ಓಡೋಮೀಟರಿನ ಛಾಯಾಚಿತ್ರ ತೆಗೆದು ಕಳುಹಿಸಬೇಕು. ಗಡಿ ದಾಟಿ ಸಿಡ್ನಿಗೆ ಹೋಗಿಬಂದ ದೂರವೂ ಲೆಕ್ಕಕ್ಕೆ ಸೇರುತ್ತಿತ್ತು. ಅದೇ ಸರ್ಕಾರ ಅದೇ ವರ್ಷ ಹೊಸ ವಿದ್ಯುತ್ ಕಾರು ಕೊಳ್ಳುವವರಿಗೆ ಮೂರು ಸಾವಿರ ಡಾಲರ್ ಸಹಾಯಧನವನ್ನೂ ಕೊಡುತ್ತಿತ್ತೆಂಬುದು ಇಲ್ಲಿನ ಸ್ವಾರಸ್ಯ.

“ಭಾವ, ನಾನು ಕೊಡುವುದಿಲ್ಲ ಎನ್ನುವವನಲ್ಲ, ಲೆಕ್ಕ ಸರಿಯಾಗಿದೆಯೇ ನೀವೇ ನೋಡಿ” ಎಂದು ಅವನು ಬರೆದ. ನೋಡಿದೆ. ಅವರ ಕಾರು ವರ್ಷಕ್ಕೆ ಇಪ್ಪತ್ತು ಸಾವಿರ ಕಿಲೋಮೀಟರ್ ಓಡುತ್ತದೆ. ಸುಂಕ ಐನೂರು ಡಾಲರ್. ನೂರು ಕಿಲೋಮೀಟರಿಗೆ ಎಂಟು ಲೀಟರ್ ಕುಡಿಯುವ ಪೆಟ್ರೋಲ್ ಕಾರು ಅಷ್ಟೇ ಓಡಿದರೆ, ಲೀಟರಿಗೆ ಸುಮಾರು 43 ಸೆಂಟಿನಂತೆ ಆಗ ಇದ್ದ ಕೇಂದ್ರದ ಸುಂಕ ಏಳುನೂರು ಡಾಲರಿಗೆ ಸಮೀಪ. ಇಲ್ಲಿಯವರೆಗೆ ನ್ಯಾಯವೇ. ಆದರೆ ಗೋಡೆಗೆ ಚುಚ್ಚುವ ಅಗತ್ಯವಿಲ್ಲದ ಸಾಮಾನ್ಯ ಹೈಬ್ರಿಡ್ ಕಾರು ನಾಲ್ಕೂವರೆ ಲೀಟರಿನಲ್ಲಿ ನೂರು ಕಿಲೋಮೀಟರ್ ಹೋಗುತ್ತದೆ. ಅದಕ್ಕೆ ಈ ಹೊಸ ಸುಂಕವಿಲ್ಲ. ಅದರ ಒಡೆಯ ಪೆಟ್ರೋಲಿನ ಮೂಲಕ ಕೊಡುವುದು ನಾನೂರು ಡಾಲರಿಗೂ ಕಡಿಮೆ. ಪ್ಲಗ್-ಇನ್ ಕಾರಿನವನ ಪಾಡಂತೂ ಇನ್ನೂ ವಿಚಿತ್ರ: ಪೆಟ್ರೋಲ್ ಹಾಕಿಸುವಾಗ ಒಮ್ಮೆ, ಓಡಿಸುವಾಗ ಮತ್ತೊಮ್ಮೆ. ಹೊಗೆ ಕಾರದವನಿಗೆ ಹೆಚ್ಚು, ಸ್ವಲ್ಪ ಕಾರುವವನಿಗೆ ಕಡಿಮೆ! ನನ್ನ ಭಾವಮೈದುನನ ಕೋಪ ನನಗೆ ಅರ್ಥವಾಯಿತು.

ಇಬ್ಬರು ಕಾರು ಮಾಲೀಕರು ನ್ಯಾಯಾಲಯದ ಮೆಟ್ಟಿಲೇರಿದರು. ಅಲ್ಲಿ ಚರ್ಚೆಯಾದದ್ದು ಈ ಅನ್ಯಾಯವಲ್ಲ. ಹಾಕುವ ಅಧಿಕಾರ ಯಾರದು ಎಂಬುದು. ಆಸ್ಟ್ರೇಲಿಯಾದ ಸಂವಿಧಾನದ 90ನೆಯ ವಿಧಿಯಂತೆ ಅಬಕಾರಿ ಸ್ವರೂಪದ ಸುಂಕ ಕೇಂದ್ರದ ಸೊತ್ತು. ಅಲ್ಲಿನ ಹೈಕೋರ್ಟ್, ಅಂದರೆ ದೇಶದ ಪರಮೋಚ್ಚ ನ್ಯಾಯಾಲಯ, 2023ರ ಅಕ್ಟೋಬರ್ 18ರಂದು ಮೂವರ ಎದುರು ನಾಲ್ವರ ಮತದಿಂದ ವಿಕ್ಟೋರಿಯಾದ ಸುಂಕವನ್ನು ರದ್ದುಗೊಳಿಸಿತು. ಮನೆಯಲ್ಲಿ ಹಬ್ಬವಾಯಿತಂತೆ. ನನಗೆ ಮಾತ್ರ ಅಷ್ಟು ಸಂತೋಷವಾಗಲಿಲ್ಲ. ಮಳೆಗಾಲದಲ್ಲಿ ಹೊಂಡ ಬಿದ್ದ ರಸ್ತೆಗೆ ಟಾರು ಹಾಕುವ ಕೂಲಿಯನ್ನು ಯಾರಾದರೂ ಕೊಡಲೇಬೇಕಷ್ಟೆ.

ನೆರೆಯ ನ್ಯೂಜಿಲೆಂಡಿನವರು ಇನ್ನೊಂದು ಬಗೆಯಲ್ಲಿ ನಡೆದರು. ಡೀಸೆಲ್ ಕಾರಿನವರು ಸಾವಿರ ಸಾವಿರ ಕಿಲೋಮೀಟರುಗಳನ್ನು ಮುಂಗಡವಾಗಿ ಕೊಂಡು ಓಡಿಸುವ ಪದ್ಧತಿ ಅಲ್ಲಿ 1970ರ ದಶಕದಿಂದಲೂ ಇದೆ. ಭಾರದ ಲಾರಿಗೆ ಭಾರಕ್ಕೆ ತಕ್ಕ ದರ. 2024ರ ಏಪ್ರಿಲ್ 1ರಂದು ವಿದ್ಯುತ್ ಕಾರುಗಳನ್ನೂ ಅದೇ ಪಂಕ್ತಿಗೆ ಕೂರಿಸಿದರು: ಸಾವಿರ ಕಿಲೋಮೀಟರಿಗೆ 76 ಡಾಲರ್. ಪ್ಲಗ್-ಇನ್ ಹೈಬ್ರಿಡ್ಡಿಗೆ ಮೊದಲು 53 ಎಂದವರು, ಎರಡು ಬಾರಿ ಕೊಟ್ಟಂತಾಗುವುದೆಂಬ ಆಕ್ಷೇಪಕ್ಕೆ ಕಿವಿಗೊಟ್ಟು 38ಕ್ಕೆ ಇಳಿಸಿದರು. ದರ ಹಗುರವೇನಲ್ಲ; ವಿಕ್ಟೋರಿಯಾದ್ದಕ್ಕಿಂತ ಬಹಳ ಹೆಚ್ಚು. ಆದರೆ ಹೊಸಬರನ್ನು ಬೇರೆ ಸಾಲಿನಲ್ಲಿ ನಿಲ್ಲಿಸಲಿಲ್ಲ.

ಭಾರದ ಮಾತು ಬಂದುದರಿಂದ ಒಂದು ಸಂಗತಿ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ರಸ್ತೆಗಳ ಮೇಲೆ ಲಾರಿಗಳನ್ನು ಸುತ್ತಿಸಿ ಸವೆತವನ್ನು ಅಳೆದರು. ಅಚ್ಚಿನ ಮೇಲಿನ ಭಾರ ಇಮ್ಮಡಿಯಾದರೆ ಸವೆತ ಸುಮಾರು ಹದಿನಾರು ಮಡಿಯಾಗುತ್ತದೆಂಬುದು ಅದರಿಂದ ತಿಳಿದುಬಂತು. ವಿದ್ಯುತ್ ಕಾರು ಬ್ಯಾಟರಿಯಿಂದಾಗಿ ತುಸು ಹೆಚ್ಚು ತೂಗುವುದು ನಿಜ. ಆದರೆ ತುಂಬಿದ ಲಾರಿಯೊಂದು ಮಾಡುವ ಗಾಯದೆದುರು ಅದು ಇರುವೆಯ ಹೆಜ್ಜೆ.

ನಮ್ಮ ಕರ್ನಾಟಕದಲ್ಲಿ 2024ರಲ್ಲಿ 25 ಲಕ್ಷ ರೂಪಾಯಿಗೂ ಹೆಚ್ಚು ಬೆಲೆಯ ವಿದ್ಯುತ್ ಕಾರುಗಳಿಗೆ ನೂರಕ್ಕೆ ಹತ್ತರಂತೆ ಆಜೀವ ತೆರಿಗೆ ಹಾಕಿದರು. ಉಳ್ಳವರಿಂದ ಪಡೆಯುವುದಕ್ಕೆ ನನ್ನ ವಿರೋಧವಿಲ್ಲ. ಆದರೆ ಮನೆಯ ಮುಂದೆ ಹೊದಿಕೆ ಹೊದ್ದು ನಿಂತ ಕಾರಿಗೂ ವಾರವಾರವೂ ಹುಬ್ಬಳ್ಳಿಗೆ ಓಡುವ ಕಾರಿಗೂ ಅದು ಒಂದೇ. ಇದನ್ನು ಭಾವಮೈದುನನಿಗೆ ಬರೆದಾಗ ಅವನಿಂದ ಬಂದ ಉತ್ತರ ಇಷ್ಟೇ: “ಹಾಗಾದರೆ ಕಿಲೋಮೀಟರಿನ ಲೆಕ್ಕವೇ ವಾಸಿ ಎನ್ನುತ್ತೀರಾ, ಭಾವ?” ಹೌದೆಂದು ಬರೆದಿದ್ದೇನೆ, ಲಾರಿಯನ್ನೂ ತೂಗುವುದಾದರೆ ಎಂಬ ಷರತ್ತು ಸೇರಿಸಿ.