ಭೀಮೆಯಿಂದ ಕಾವೇರಿಗೆ

ಕಲಬುರಗಿಯಿಂದ ಮೈಸೂರಿಗೆ ಕಾರಿನಲ್ಲಿ ಹೊರಟವರಿಗೆ ದಾರಿ ಕೇಳುವ ಪ್ರಮೇಯ ಹೆಚ್ಚಾಗಿ ಬರುವುದಿಲ್ಲ. ಜೇವರ್ಗಿಯಲ್ಲಿ ಮೊದಲಾಗುವ ರಾಷ್ಟ್ರೀಯ ಹೆದ್ದಾರಿಯೊಂದು, 150ಎ ಎಂಬ ನೀರಸವಾದ ಹೆಸರನ್ನು ಹೊತ್ತು, ಶಹಾಪುರ, ಸುರಪುರ, ಲಿಂಗಸುಗೂರು, ಮಸ್ಕಿ, ಸಿಂಧನೂರು, ಸಿರುಗುಪ್ಪ, ಬಳ್ಳಾರಿ, ಚಳ್ಳಕೆರೆ, ಹಿರಿಯೂರು, ಹುಳಿಯಾರು, ನಾಗಮಂಗಲಗಳನ್ನು ಹಾದು, ಶ್ರೀರಂಗಪಟ್ಟಣದಲ್ಲಿ ಕಾವೇರಿಯನ್ನು ದಾಟಿ ಮೈಸೂರನ್ನು ಮುಟ್ಟುತ್ತದೆ. ಆರುನೂರು ಕಿಲೋಮೀಟರಿಗೂ ಮಿಗಿಲಾದ ಹಾದಿ. ಬಡಗಣ ತುದಿಯಲ್ಲಿ ಭೀಮೆ, ತೆಂಕಣ ತುದಿಯಲ್ಲಿ ಕಾವೇರಿ. ನಡುವೆ ಕೃಷ್ಣೆ, ತುಂಗಭದ್ರೆ, ವೇದಾವತಿ. ಐದು ನದಿಗಳನ್ನು ದಾಟಿದರೂ ಯಾತ್ರಿಕನು ಕನ್ನಡನಾಡನ್ನು ಬಿಟ್ಟು ಹೋದಂತಾಗುವುದಿಲ್ಲ ಎಂಬುದು ಪುಸ್ತಕದ ಮಾತು. ಹೊಸ ಸಂಸಾರ ಹೂಡಲು ಈ ದಾರಿಯನ್ನು ಹಿಡಿದವರ ಅನುಭವ ಅಷ್ಟು ಸರಳವಾದುದಲ್ಲ.

ಸಂಕ್ರಾಂತಿ ಕಳೆದ ಮೂರನೆಯ ದಿನ ಬೆಳಗಿನ ಜಾವ ಹೀಗೆ ಹೊರಟ ಒಂದು ಎಳೆಯ ಜೋಡಿಯಿತ್ತು. ಗಂಡನಿಗೆ ಬ್ಯಾಂಕಿನಲ್ಲಿ ಕೆಲಸ, ಮೈಸೂರಿಗೆ ವರ್ಗವಾಗಿತ್ತು. ಹೆಂಡತಿ ಗುಲಬರ್ಗಾ ವಿಶ್ವವಿದ್ಯಾಲಯದ ಕನ್ನಡ ಎಂ.ಎ.; ಮೂರು ವರ್ಷ ಶಾಲೆಯೊಂದರಲ್ಲಿ ಕನ್ನಡವನ್ನೇ ಕಲಿಸಿದವಳು. ಮದುವೆಯಾಗಿ ಎಂಟು ತಿಂಗಳು. ದೊಡ್ಡ ಸಾಮಾನುಗಳೆಲ್ಲ ಲಾರಿಯಲ್ಲಿ ಮುಂದೆ ಹೋಗಿದ್ದರೂ ಅವರ ಹಳೆಯ ಮಾರುತಿ ಕಾರಿನ ಹಿಂದಿನ ಆಸನದಲ್ಲಿ ಒಂದು ಮಗುವಿಗೂ ಎಡೆಯಿರಲಿಲ್ಲ. ಜೋಳದ ಹಿಟ್ಟಿನ ಡಬ್ಬ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ಗಂಟು, ಸೇಂಗಾ ಹಿಂಡಿ, ಹತ್ತು ಕಿಲೋ ತೊಗರಿಬೇಳೆ. ತೊಗರಿಯ ಕಣಜವೆಂದು ಹೆಸರಾದ ನಾಡಿನವರು ಪರಸ್ಥಳದ ಬೇಳೆಯನ್ನು ನಂಬುವುದಿಲ್ಲ.

ಜೇವರ್ಗಿಯ ಈಚೆಗೆ ಭೀಮೆಯ ಸೇತುವೆ ದಾಟುವಾಗ ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ಅಲ್ಲಿಂದ ಸುರಪುರದವರೆಗೆ ಎರಡು ಪಕ್ಕಕ್ಕೂ ಕಪ್ಪು ಮಣ್ಣು, ಕೊಯ್ದ ತೊಗರಿಯ ಕೂಳೆ, ತೆನೆಗಟ್ಟುತ್ತಿದ್ದ ಬಿಳಿಜೋಳ. ಸುರಪುರದ ಬೆಟ್ಟಗಳನ್ನು ಕಂಡವರಿಗೆ 1858ರಲ್ಲಿ ಆಂಗ್ಲರಿಗೆ ಇದಿರಾದ ತರುಣ ದೊರೆ ವೆಂಕಟಪ್ಪ ನಾಯಕನ ನೆನಪಾಗದಿರದು. ತಿಂಥಣಿಯಲ್ಲಿ ಕೃಷ್ಣೆ, ದಡದಲ್ಲಿ ಮೌನೇಶ್ವರನ ಗುಡಿ. ಆಕೆ ಕಾರಿನಿಂದಲೇ ಕೈಮುಗಿದಳು. ಮಸ್ಕಿಯಲ್ಲಿ ಕಾರು ನಿಲ್ಲಲೇ ಇಲ್ಲ. ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬುದನ್ನು ಲೋಕಕ್ಕೆ ಖಚಿತಪಡಿಸಿದ ಬಂಡೆ 1915ರಲ್ಲಿ ಬೆಳಕಿಗೆ ಬಂದದ್ದು ಈ ಊರಿನಲ್ಲಿ. ಹೆದ್ದಾರಿಯ ವೇಗ ಚರಿತ್ರೆಗೆ ಮಾಡುವ ಅನ್ಯಾಯವೆಂದರೆ ಇದೇ. ನಾಮಫಲಕ ಓದುವಷ್ಟರಲ್ಲಿ ಊರು ಹಿಂದಾಗಿರುತ್ತದೆ.

ಸಿಂಧನೂರಿನಲ್ಲಿ ನೋಟವೇ ಬದಲಾಯಿತು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು, ಕಣ್ಣು ಹರಿಯುವವರೆಗೆ ಬತ್ತದ ಗದ್ದೆ. ಹಿಂದೆ ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳ ಊರುಗಳೂ ಈ ತಾಲ್ಲೂಕಿನಲ್ಲಿವೆ; ಹೊಸ ಮನೆಗಾಗಿ ಅವರು ಪಟ್ಟ ಪಾಡಿನ ಮುಂದೆ ಎರಡು ದಿನದ ಕಾರಿನ ಪ್ರಯಾಣ ಯಾವ ಲೆಕ್ಕ!

ಸಿರುಗುಪ್ಪದ ಮೊದಲು ತುಂಗಭದ್ರೆಯ ಸೇತುವೆ ಬಂದಾಗ ಆಕೆ, “ಇಲ್ಲಿಂದ ಮುಂದ ನಮ್ಮ ರೊಕ್ಕ ನಡೀತಿದ್ದಿಲ್ಲಂತ್ರಿ. ನಮ್ಮ ಮುತ್ಯಾ ಹೇಳ್ತಿದ್ದ,” ಎಂದಳು.

ಮುತ್ತಜ್ಜ ಹೇಳಿದ್ದು ಕಟ್ಟುಕಥೆಯಲ್ಲ. 1948ರ ಸೆಪ್ಟೆಂಬರಿನವರೆಗೆ ನದಿಯ ಉತ್ತರ ದಡ ನಿಜಾಮರದು. ಅಲ್ಲಿ ಹಾಲಿ ಸಿಕ್ಕಾ ನಾಣ್ಯ, ಕಚೇರಿಯಲ್ಲಿ ಉರ್ದು, ಎಲ್ಲೆಯಲ್ಲಿ ಸುಂಕದವನು. ದಕ್ಷಿಣ ದಡ ಮದರಾಸಿನದು. ಚಳ್ಳಕೆರೆ ಬರುವ ಹೊತ್ತಿಗೆ ಮೈಸೂರು ಮಹಾರಾಜರ ಸೀಮೆ. ಒಂದೇ ಮಾತನ್ನಾಡುವ ಜನ ಈ ದಾರಿಯಲ್ಲಿ ಮೂರು ಆಳ್ವಿಕೆಗಳನ್ನು ದಾಟಬೇಕಾಗಿತ್ತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿತು. 1956ರ ನವೆಂಬರ್ 1ರಂದು ಕಲಬುರಗಿ ಸೇರಿತು. ಸೇರಿದ ನಾಡಿಗೆ ಕರ್ನಾಟಕವೆಂಬ ಹೆಸರು ಬರಲು ಮತ್ತೆ ಹದಿನೇಳು ವರ್ಷ ಹಿಡಿಯಿತು. ಆ ವಿಂಗಡಣೆಯ ಕಲೆ ಇಂದಿಗೂ ದಾರಿಯ ಮೇಲಿದೆ. ಬಳ್ಳಾರಿ ದಾಟಿದೊಡನೆ ಓಬಳಾಪುರದ ಬಳಿ ಹೆದ್ದಾರಿ ಕೆಲವು ಮೈಲಿ ಆಂಧ್ರದ ನೆಲದಲ್ಲಿ ಓಡುತ್ತದೆ. ಫಲಕಗಳ ಮೇಲೆ ತೆಲುಗು ಅಕ್ಷರ. ಆದರೆ ಊರಿನ ಹೆಸರು ನೋಡಿದರೆ ಡಿ. ಹಿರೇಹಾಳ್ ಎಂಬ ಅಚ್ಚಗನ್ನಡ. ರಾಯದುರ್ಗ, ಆದವಾನಿ, ಆಲೂರು ತಾಲ್ಲೂಕುಗಳು 1953ರಲ್ಲಿ ಅತ್ತ ಹೋದುದರ ಗುರುತು ಇದು.

ಚಳ್ಳಕೆರೆಯ ಬಯಲಿನಲ್ಲಿ ಕುರಿಮಂದೆಯೊಂದು ಕಾರನ್ನು ಕಾಲು ಗಂಟೆ ತಡೆಯಿತು. ರಾತ್ರಿ ಹಿರಿಯೂರಿನ ವಸತಿಗೃಹವೊಂದರಲ್ಲಿ ತಂಗಿ, ಬೆಳಗ್ಗೆ ಸ್ವಲ್ಪ ದಾರಿ ತಪ್ಪಿಸಿ ವಾಣಿವಿಲಾಸ ಸಾಗರವನ್ನು ನೋಡಿಕೊಂಡರು. 1907ರಲ್ಲಿ ಮುಗಿದ ಈ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಎರಡು ತಲೆಮಾರುಗಳ ಕಾಲ ತುಂಬಲು ಕಾದ ನೀರು!

ಹುಳಿಯಾರಿನಿಂದ ಮುಂದೆ ತೆಂಗಿನ ಸೀಮೆ. ರೈತರು ಹುರುಳಿಯ ಕಟ್ಟನ್ನು ರಸ್ತೆಯ ಮೇಲೆಯೇ ಹರಡಿದ್ದರು; ಹೋಗಿಬರುವ ವಾಹನಗಳಿಂದಲೇ ಒಕ್ಕಣೆ. ಮಾರುತಿಯೂ ತನ್ನ ಪಾಲಿನ ಬಿಟ್ಟಿ ದುಡಿಮೆ ಮಾಡಿತು. ಚಿಕ್ಕನಾಯಕನಹಳ್ಳಿಯ ಹೋಟೆಲಿನಲ್ಲಿ ಊಟಕ್ಕೆ ರೊಟ್ಟಿ ಕೇಳಿದರೆ ಮಾಣಿ ರಾಗಿಮುದ್ದೆ ತಂದಿಟ್ಟ. ಗಂಡ ಅದನ್ನು ಅಗಿಯತೊಡಗಿದ್ದನ್ನು ಕಂಡು ಪಕ್ಕದ ಮೇಜಿನ ಹಿರಿಯರೊಬ್ಬರು ಕನಿಕರದಿಂದ, “ಸ್ವಾಮಿ, ಅಗೀಬೇಡಿ, ನುಂಗಿ,” ಎಂದರು. ಹೊಸ ನಾಡಿನ ಮೊದಲ ಪಾಠ ಇದಾಯಿತು.

ಪಾಂಡವಪುರದ ಕಬ್ಬಿನ ಗದ್ದೆಗಳ ನಡುವೆ ಬಂದು ಶ್ರೀರಂಗಪಟ್ಟಣದಲ್ಲಿ ಕಾವೇರಿ ದಾಟಿದಾಗ ಹಗಲು ಇಳಿಯುತ್ತಿತ್ತು. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ, ಕಟ್ಟಿದ ಕಲ್ಲುಕಂಬಗಳ ಹಳೆಯ ಸೇತುವೆ ಇನ್ನೂ ಅಲ್ಲಿ ನಿಂತಿದೆ. ದೂರದಲ್ಲಿ ಚಾಮುಂಡಿಬೆಟ್ಟ.

ಮೈಸೂರು ಹೊರಗಿನಿಂದ ಬಂದವರನ್ನು ಕಾಣದ ಊರಲ್ಲ. 1900ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕೈಹಿಡಿದ ಪ್ರತಾಪಕುಮಾರಿಯವರು ಬಂದದ್ದು ದೂರದ ಕಾಠಿಯಾವಾಡದಿಂದ. ಆ ಎಳೆಯ ದಂಪತಿಗಳಿಗೂ ಅಂದು ಸ್ವಂತ ಅರಮನೆಯಿರಲಿಲ್ಲವೆಂದರೆ ಇಂದಿನ ಬಾಡಿಗೆದಾರರಿಗೆ ಸಮಾಧಾನವಾದೀತು. ಹಳೆಯ ಮರದ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾಗಿತ್ತು. ಮದುವೆ ನಡೆದದ್ದು ಜಗನ್ಮೋಹನ ಅರಮನೆಯಲ್ಲಿ. ಹೊಸ ಅರಮನೆ ಮುಗಿದದ್ದು 1912ರಲ್ಲಿ. ಅದೇ ಕಾಲಕ್ಕೆ ಪ್ಲೇಗು ಬಂದು ಇಕ್ಕಟ್ಟಾದ ಹಳೆಯ ಕೇರಿಗಳನ್ನು ಖಾಲಿ ಮಾಡಿಸಿತು. 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ ಏರ್ಪಟ್ಟು ಅಗಲವಾದ ಬೀದಿಗಳ ಬಡಾವಣೆಗಳು ಎದ್ದವು. ಇಂದು ಮೈಸೂರಿನ ಸೊಬಗೆಂದು ಹೊಗಳುವ ಸಾಲುಮರಗಳ ನೆರಳಿನ ಹಿಂದೆ ಅಷ್ಟು ಸಾವಿದೆ.

ದಂಪತಿಗಳಿಗೆ ಮನೆ ಗೊತ್ತಾಗಿದ್ದದ್ದು ಸರಸ್ವತಿಪುರದ ಒಂದು ಮಹಡಿಯಲ್ಲಿ. ಕೆಳಗೆ ವಾಸವಾಗಿದ್ದ ಮನೆಯೊಡತಿ ಎಪ್ಪತ್ತರ ಮುದುಕಿ, ಮೃದುಸ್ವಭಾವದವರು. ಹಾಲು ಉಕ್ಕಿಸಲು ಪಾತ್ರೆಯನ್ನು ತೊಳೆದಿಟ್ಟೇ ಕಾದಿದ್ದರು.

“ಬನ್ನಿ, ಬನ್ನಿ. ಬಲಗಾಲಿಟ್ಟು ಒಳಗ್ ಬಾಮ್ಮ.”

“ಬಂದೇವ್ರಿ ಅಮ್ಮಾರ. ದಾರಿ ಭಾಳ ದೂರ ಆಯ್ತ್ರಿ.”

ಮುದುಕಿ ಒಂದು ಕ್ಷಣ ಕಿವಿಗೊಟ್ಟು, “ಆಂಧ್ರದ ಕಡೆಯವರೇನಮ್ಮ?” ಎಂದರು.

“ಅಲ್ರಿ, ಕಲಬುರಗಿಯವರು. ಆಂಧ್ರದಾಗ ಅರ್ಧ ತಾಸು ಇದ್ವಿ ಅಷ್ಟ,” ಎಂದು ಗಂಡ ನಕ್ಕ.

“ಓ, ಹಾಗೋ! ಆದ್ರೂ ಕನ್ನಡ ಚೆನ್ನಾಗಿ ಮಾತಾಡ್ತೀರಿ. ಎಲ್ಲಿ ಕಲಿತೆಯಮ್ಮ?”

ಕನ್ನಡದ ಎಂ.ಎ. ಪದವೀಧರೆ ಒಲೆಯ ಮೇಲಿನ ಹಾಲನ್ನೇ ನೋಡುತ್ತಿದ್ದಳು. “ನಮ್ಮ ಅವ್ವನ ಹತ್ರ ಕಲ್ತೀನ್ರಿ,” ಎಂದಳು.

ಆ ಮುದುಕಿಯದು ಕುಹಕವಾಗಿರಲಿಲ್ಲ, ಅದೇ ಕಷ್ಟ. ಕುಹಕಕ್ಕಾದರೆ ಉತ್ತರ ಕೊಡಬಹುದು. ಉಪಲಬ್ಧವಿರುವ ಕನ್ನಡ ಗ್ರಂಥಗಳಲ್ಲಿ ಮೊದಲನೆಯದಾದ ಕವಿರಾಜಮಾರ್ಗ ಹುಟ್ಟಿದ್ದು ಒಂಬತ್ತನೆಯ ಶತಮಾನದಲ್ಲಿ, ನೃಪತುಂಗನ ಮಾನ್ಯಖೇಟದ ಆಸ್ಥಾನದಲ್ಲಿ. ಆ ಮಾನ್ಯಖೇಟ ಇಂದಿನ ಮಳಖೇಡ. ಕಲಬುರಗಿ ಜಿಲ್ಲೆಯ ಊರು. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡನಾಡೆಂದು ಹೇಳಿ, ಅದರೊಳಗೆ ತಿರುಳ್ಗನ್ನಡದ ನೆಲೆಯನ್ನು ಆ ಗ್ರಂಥ ಗುರುತಿಸುವುದು ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರಗಳ ಸುತ್ತ. ಮೈಸೂರಿನ ಮಾತು ಗ್ರಂಥಸ್ಥ ಕನ್ನಡಕ್ಕೆ ಹತ್ತಿರವಾದದ್ದು ತೀರ ಈಚೆಗೆ: ಅರಸರ ಆಶ್ರಯ, 1916ರ ವಿಶ್ವವಿದ್ಯಾನಿಲಯ, ಪಠ್ಯಪುಸ್ತಕ, ಪತ್ರಿಕೆ ಇವುಗಳ ಬಲದಿಂದ. ನಿಜಾಮರ ಸೀಮೆಯಲ್ಲಿ ಅದೇ ವರ್ಷಗಳಲ್ಲಿ ಕನ್ನಡ ಶಾಲೆ ತೆರೆಯುವುದೇ ಸಾಹಸವಾಗಿತ್ತು. ಭಾಷೆಯ ಶುದ್ಧಿ ಎಂಬುದು ಬಹುಮಟ್ಟಿಗೆ ಮುದ್ರಣಾಲಯ ಎಲ್ಲಿತ್ತು ಎಂಬುದರ ಮೇಲೆ ನಿಂತ ಸಂಗತಿ. ಆದರೆ ಹಾಲು ಉಕ್ಕಿಸುವ ಹೊತ್ತಿನಲ್ಲಿ ಇದನ್ನೆಲ್ಲ ಯಾರಿಗೆ ಹೇಳುವುದು?

ದೇವರಾಜ ಮಾರುಕಟ್ಟೆಯಲ್ಲಿ ಆಕೆ ಉಳ್ಳಾಗಡ್ಡಿ ಕೇಳಿದಾಗ ಅಂಗಡಿಯವನು ತೂಗುತ್ತಲೇ, “ಹುಬ್ಬಳ್ಳಿಯೋರಾ ಅಕ್ಕ?” ಎಂದ. ಮೈಸೂರಿಗರ ಭೂಪಟದಲ್ಲಿ ತುಂಗಭದ್ರೆಯ ಆಚೆಗೆ ಹುಬ್ಬಳ್ಳಿಯೊಂದೇ ಊರು. ಅದನ್ನು ನಕ್ಕು ಬಿಡಬಹುದು. ಕೆಲಸ ಕೇಳಲು ಹೋದ ಶಾಲೆಯೊಂದರಲ್ಲಿ ಮಾತ್ರ ನಗಲಾಗಲಿಲ್ಲ. ಅಂಕಪಟ್ಟಿಗಳನ್ನು ಮೆಚ್ಚಿಕೊಂಡ ಮುಖ್ಯಸ್ಥರು, “ಮಾತಿನ ಧಾಟಿಯನ್ನು ಸ್ವಲ್ಪ ತಿದ್ದಿಕೊಂಡು ಬಂದರೆ ನೋಡೋಣ,” ಎಂದರು. ಆಕೆ ತಿದ್ದಿಕೊಳ್ಳಲೂ ಇಲ್ಲ, ಮತ್ತೆ ಆ ಶಾಲೆಗೆ ಹೋಗಲೂ ಇಲ್ಲ. ಅಂದು ಸಂಜೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಗಂಡಹೆಂಡಿರು ಕತ್ತಲಾಗುವವರೆಗೆ ಕೂತಿದ್ದರು. “ತಿರಗಿ ಹೋಗೂಣೇನು?” ಎಂದು ಅವನು ಕೇಳಿದ. ಆಕೆ ಉತ್ತರ ಕೊಡದೆ, ಬೇಳೆ ಇನ್ನೂ ಎಂಟು ಕಿಲೋ ಉಳಿದಿದೆ ಎಂದಳು.

ಜೂನ್ ತಿಂಗಳಲ್ಲಿ ಬೇರೊಂದು ಶಾಲೆ ಆಕೆಯನ್ನು ಸೇರಿಸಿಕೊಂಡಿತು. ಎರಡು ವಾರ ಕಳೆಯುವಷ್ಟರಲ್ಲಿ ಆರನೆಯ ತರಗತಿಯ ಹುಡುಗರು “ಹೌದ್ರಿ ಮಿಸ್ಸು” ಎನ್ನತೊಡಗಿದರಂತೆ. ಮೊದಲು ಅಣಕಕ್ಕೆ, ಆಮೇಲೆ ಅಭ್ಯಾಸಕ್ಕೆ. ಮನೆಯೊಡತಿ ಸೇಂಗಾ ಹಿಂಡಿಯ ರುಚಿ ಹತ್ತಿಸಿಕೊಂಡು ಬಟ್ಟಲು ಕಳಿಸುತ್ತಾರೆ. ಅದನ್ನು ಕಡಲೆಕಾಯಿ ಚಟ್ನಿಪುಡಿ ಎನ್ನುವುದನ್ನು ಮಾತ್ರ ಬಿಟ್ಟಿಲ್ಲ.

ಆಕೆಯ ಅವ್ವ ದಿನವೂ ರಾತ್ರಿ ಕಲಬುರಗಿಯಿಂದ ಫೋನು ಮಾಡುತ್ತಾರೆ. ಒಂದು ರಾತ್ರಿ, ಅಡಿಗೆ ಏನೆಂದು ಕೇಳಿದಾಗ, “ಈರುಳ್ಳಿ ಹಾಕಿ ಬ್ಯಾಳಿ ಮಾಡೀನವ್ವ,” ಎಂದಳು.

ಅತ್ತ ಕಡೆ ತುಸು ಹೊತ್ತು ಮಾತಿರಲಿಲ್ಲ. ಆಮೇಲೆ, “ಏನ್ ಹಾಕಿ ಅಂದಿ?” ಎಂದು ಕೇಳಿತು.