ರೋಡ್‌ಕಿಂಗ್‌ಗೆ ಅರ ಹಾಕುವ ಮುನ್ನ

ಮುಂದೆ 'ಮಸಲ್ ಕಾರ್' ಎಂದು ಹೆಸರಾದ ಗಾಡಿಗಳನ್ನು ಅಮೆರಿಕದವರು 1960ರ ದಶಕದಲ್ಲಿ ಬೀದಿಗೆ ಬಿಟ್ಟಾಗ ಅವುಗಳ ಹೊಟ್ಟೆಯಲ್ಲಿ ಆರೇಳು ಲೀಟರಿನ ಇಂಜಿನ್ನುಗಳಿದ್ದವು. 1964ರ ಪಾಂಟಿಯಾಕ್ ಜಿಟಿಒ ಕಾರಿನದು 6.4 ಲೀಟರ್. ಅಷ್ಟಿದ್ದರೂ ಅಲ್ಲಿನ ಹುಡುಗರಿಗೆ ಸಾಲದೆ, ಇನ್ನಷ್ಟು ಓಟ ಬರಲೆಂದು ಅದನ್ನು ಬಿಚ್ಚಿ ತಿದ್ದುತ್ತ ಕುಳಿತರು. ಬಳ್ಳಾರಿ ಸೀಮೆಯಲ್ಲಿ ಅದೇ ಹುಚ್ಚಿಗೆ ಸಿಕ್ಕ ಇಂಜಿನ್ನು ಕಾಲು ಲೀಟರಿನದು. ಅದರ ಹೆಸರು ಯೆಜ್ಡಿ ರೋಡ್‌ಕಿಂಗ್.

ಯೆಜ್ಡಿ ನಮ್ಮ ಮೈಸೂರಿನ ಕೂಸು. ಜೆಕೊಸ್ಲೊವಾಕಿಯಾದ ಜಾವಾ ಬೈಕನ್ನು 1960ರ ದಶಕದ ಆರಂಭದಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ತಯಾರಿಸುತ್ತಿತ್ತು. ಎಪ್ಪತ್ತರ ದಶಕದಲ್ಲಿ ಅದಕ್ಕೆ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಕಿಕ್ ಹೊಡೆಯುವ ಲಿವರನ್ನೇ ಮುಂದಕ್ಕೆ ಮಡಿಸಿ ಗೇರ್ ಹಾಕುವ ಆ ಗಾಡಿಯನ್ನು ಮೊದಲ ಸಲ ಕಂಡವರು ಬೆರಗಾಗುತ್ತಿದ್ದರು. ಹದಿನಾರು ಕುದುರೆಯ ಶಕ್ತಿ, ಎರಡು ಸೈಲೆನ್ಸರ್, ಬೆನ್ನಿಗೊಂದು ಭತ್ತದ ಮೂಟೆ, ಮೂಟೆಯ ಮೇಲೊಬ್ಬ ಆಳು. ಸಿರುಗುಪ್ಪದ ಕಾಲುವೆ ಏರಿಗಳ ಮೇಲೆ ಯೆಜ್ಡಿಯ ಚಿತ್ರ ಹೆಚ್ಚುಕಡಿಮೆ ಹೀಗೆ. 2022ರಲ್ಲಿ ಯೆಜ್ಡಿ ಹೆಸರಿನ ಹೊಸ ಬೈಕುಗಳು ಬಂದಿವೆ. ಆದರೆ ಅವು ಫೋರ್ ಸ್ಟ್ರೋಕ್. ಹಳಬರು ಅವುಗಳ ಸದ್ದು ಕೇಳಿ ಸುಮ್ಮನೆ ತಲೆಯಾಡಿಸುತ್ತಾರೆ.

ಸಿರುಗುಪ್ಪದ ಒಬ್ಬ ಭತ್ತದ ರೈತ ಎಂಬತ್ತರ ದಶಕದಲ್ಲಿ ಕೊಂಡ ಇಂಥದೊಂದು ರೋಡ್‌ಕಿಂಗನ್ನು ಅವರ ಮಗ ಬಳ್ಳಾರಿಯ ಕೌಲ್ ಬಜಾರ್ ಕಡೆಯ ಗ್ಯಾರೇಜಿಗೆ ತಂದು ನಿಲ್ಲಿಸಿದ. ಗಾಡಿ ಎಂಬತ್ತು ದಾಟಿದರೆ ಏದುಸಿರು ಬಿಡುತ್ತಿತ್ತು. ಹುಡುಗನ ಗೆಳೆಯರ ಬಳಿ ಯಮಹಾ ಆರ್‌ಎಕ್ಸ್-100 ಗಾಡಿಗಳಿದ್ದವು. ಹನ್ನೊಂದು ಕುದುರೆಯ ಹಗುರ ಮೈಯ ಆ ಗಾಡಿಗಳು ತನ್ನ ಅಪ್ಪನ ಯೆಜ್ಡಿಯನ್ನು ಹಿಂದೆ ಹಾಕುವುದು ಅವನಿಗೆ ಮನೆತನದ ಅವಮಾನದಂತೆ ಕಾಣುತ್ತಿತ್ತು.

"ಉಸ್ತಾದ್, ನೂರಿಪ್ಪತ್ತು ಹೊಡೀಬೇಕು. ಪೋರ್ಟ್‌ಗೆ ಅರ ಹಾಕಿಬಿಡ್ರಿ."

"ಹಾಕಾಣ ತಮ್ಮಾ. ಮೊದ್ಲು ಮೈಸೂರಿನವ್ರು ಕೊಟ್ಟಿದ್ದ ಕುದ್ರೆ ಎಲ್ಲಿ ಹೋದ್ವು ನೋಡಾಣ."

ಅವು ಸೈಲೆನ್ಸರಿನಲ್ಲೇ ಕಟ್ಟಿಬಿದ್ದಿದ್ದವು. ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಪೆಟ್ರೋಲಿನ ಜೊತೆ ಎಣ್ಣೆಯೂ ಉರಿಯುವುದರಿಂದ ವರ್ಷಗಟ್ಟಲೆ ಮಸಿ ಹೆಪ್ಪುಗಟ್ಟಿ ಕೊಳವೆ ಕಿರಿದಾಗಿರುತ್ತದೆ. ಕಾಸ್ಟಿಕ್ ಸೋಡಾದಲ್ಲಿ ನೆನೆಹಾಕಿ ತೊಳೆದು, ಪಾಯಿಂಟ್ ಸರಿಮಾಡಿ, ಟೈಮಿಂಗ್ ಕೂಡಿಸಿದ ಮೇಲೆ ಗಾಡಿ ತೊಂಬತ್ತೈದರವರೆಗೆ ನಿರಾಯಾಸವಾಗಿ ಹೋಯಿತು. ಗಾಡಿಯ ಶಕ್ತಿ ಹೆಚ್ಚಿಸಬೇಕೆಂದು ಬರುವ ಮುಕ್ಕಾಲು ಪಾಲು ಜನರಿಗೆ ನಿಜವಾಗಿ ಬೇಕಾದದ್ದು ಇಷ್ಟೇ. ಆದರೆ ತೊಳೆದದ್ದನ್ನು ಗೆಳೆಯರಿಗೆ ತೋರಿಸಿ ಮೆರೆಯಲು ಆಗುವುದಿಲ್ಲವಲ್ಲ!

ಹುಡುಗ ಗೆಳೆಯರ ಮಾತು ಕೇಳಿ ಒಂದು ಭಾನುವಾರ ಸೈಲೆನ್ಸರಿನ ಒಳಗಿನ ತಡೆಯನ್ನು ಕಿತ್ತುಹಾಕಿ ಬಂದ. ಸದ್ದು ಬಳ್ಳಾರಿ ಗುಡ್ಡಕ್ಕೆ ಬಡಿದು ವಾಪಸು ಬರುವಷ್ಟಾಯಿತು. ಎಳೆತ ಮಾತ್ರ ಇಳಿದಿತ್ತು. ಇದರ ಗುಟ್ಟು ಸ್ವಾರಸ್ಯದ್ದು. ಟೂ ಸ್ಟ್ರೋಕ್ ಇಂಜಿನ್ನಿಗೆ ಕವಾಟಗಳಿಲ್ಲ. ಬೋರಿನ ಗೋಡೆಯಲ್ಲಿರುವ ಕಿಂಡಿಗಳನ್ನು ಪಿಸ್ಟನ್ನೇ ಮುಚ್ಚುತ್ತ ತೆರೆಯುತ್ತ ಇರುತ್ತದೆ. ಹೊಗೆ ಹೊರಹೋಗುವ ಕಿಂಡಿ ತೆರೆದಿರುವಾಗಲೇ ಹೊಸ ಪೆಟ್ರೋಲ್ ಗಾಳಿಯೂ ಒಳಬರುತ್ತದೆ, ಬಂದದ್ದರಲ್ಲಿ ಒಂದಷ್ಟು ಹಾಗೇ ಸೋರಿಹೋಗುತ್ತದೆ. ಆದರೆ ಕಿಂಡಿಯಿಂದ ಸಿಡಿದ ಒತ್ತಡದ ಅಲೆ ಕೊಳವೆಯ ಕಿರಿದಾದ ತುದಿಗೆ ಬಡಿದು ಹಿಂದಿರುಗಿ ಬಂದರೆ, ಸೋರಿದ್ದನ್ನು ಮತ್ತೆ ಒಳಕ್ಕೆ ನೂಕುತ್ತದೆ. ಬಾವಿಯಲ್ಲಿ ಕೂಗಿದರೆ ದನಿ ಮರಳುವಂತೆ. ಸಮಯಕ್ಕೆ ಸರಿಯಾಗಿ ಮರಳಬೇಕು, ಅಷ್ಟೇ.

ಲೆಕ್ಕ ಕಷ್ಟದ್ದಲ್ಲ. ನಿಮಿಷಕ್ಕೆ 5,000 ಸುತ್ತು ತಿರುಗುವಾಗ ಒಂದು ಸುತ್ತಿಗೆ ಸೆಕೆಂಡಿನ ಸಾವಿರದಲ್ಲಿ ಹನ್ನೆರಡು ಪಾಲು ಹಿಡಿಯುತ್ತದೆ. ಅದರಲ್ಲಿ ಕಿಂಡಿ ತೆರೆದಿರುವುದು ಐದೂವರೆ ಪಾಲು ಎಂದಿಟ್ಟುಕೊಳ್ಳಿ. 500 ಡಿಗ್ರಿ ಕಾವಿನ ಹೊಗೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 550 ಮೀಟರ್. ಅಂದರೆ ಅಷ್ಟು ಹೊತ್ತಿನಲ್ಲಿ ಅಲೆ ಹೋಗಿ ಬರುವ ದಾರಿ ಮೂರು ಮೀಟರ್, ಹೋಗುವ ದಾರಿಯೊಂದೇ ಒಂದೂವರೆ ಮೀಟರ್. ಅದೇ 7,000 ಸುತ್ತಿಗೆ ಏರಿದರೆ ದಾರಿ ಒಂದು ಮೀಟರಿನ ಆಸುಪಾಸಿಗೆ ಇಳಿಯಬೇಕು. ಕೊಳವೆ ಒಂದೇ ಸುತ್ತಿಗೆ ಶ್ರುತಿಯಾದ ವಾದ್ಯ. ಕಿತ್ತರೆ ಶ್ರುತಿ ಹೋಗುತ್ತದೆ, ಸದ್ದು ಉಳಿಯುತ್ತದೆ. ಪೂರ್ವ ಜರ್ಮನಿಯ ಎಂಜೆಡ್ ಕಾರ್ಖಾನೆಯ ವಾಲ್ಟರ್ ಕಾಡೆನ್ ಈ ಶ್ರುತಿಯನ್ನು ಎಷ್ಟು ಪಳಗಿಸಿದನೆಂದರೆ 1961ರ ಹೊತ್ತಿಗೆ ಬರೀ 125 ಸಿ.ಸಿ. ಇಂಜಿನ್ನಿನಿಂದ ಇಪ್ಪತ್ತೈದು ಕುದುರೆ ತೆಗೆದಿದ್ದ. ಅದೇ ವರ್ಷ ಅವನ ಸವಾರ ಅರ್ನ್ಸ್ಟ್ ಡೆಗ್ನರ್ ದೇಶ ಬಿಟ್ಟು ಓಡಿ ಜಪಾನಿನ ಸುಜುಕಿ ಸೇರಿದ. ವಿದ್ಯೆಯೂ ಜೊತೆಗೆ ಹೋಯಿತು. ಮರುವರ್ಷವೇ ಸುಜುಕಿ 50 ಸಿ.ಸಿ. ವರ್ಗದಲ್ಲಿ ವಿಶ್ವ ಚಾಂಪಿಯನ್.

ಉಸ್ತಾದರಿಗೆ ಕಾಡೆನ್ನನ ಹೆಸರು ಗೊತ್ತಿಲ್ಲ, ಅವನ ಕೆಲಸ ಗೊತ್ತು. ಎಕ್ಸಾಸ್ಟ್ ಕಿಂಡಿಯ ಮೇಲಂಚನ್ನು ಒಂದು ಮಿಲಿಮೀಟರ್ ಅರ ಹಾಕಿ ಎತ್ತರಿಸಿದರೆ ಹೊಗೆ ಬೇಗ ಹೊರಬೀಳುತ್ತದೆ, ಮೇಲಿನ ಸುತ್ತಿನಲ್ಲಿ ಗಾಡಿ ಹಾರುತ್ತದೆ. ಕೆಳಗಿನ ಸುತ್ತಿನಲ್ಲಿ ಅಷ್ಟೇ ಸೊರಗುತ್ತದೆ. ಅವರು ಕೈಯಲ್ಲಿ ಅರ ಹಿಡಿದವರು ಮತ್ತೆ ಕೆಳಗಿಟ್ಟು ಕೇಳಿದರು:

"ಈ ಬೋರು ನಿಮ್ಮಪ್ಪಂದಾ, ನಿಂದಾ?"

ಪ್ರಶ್ನೆ ತಮಾಷೆಯದಲ್ಲ. ಬೋರು ಸವೆದರೆ ಕಾಲು ಮಿಲಿ, ಅರ್ಧ ಮಿಲಿ ಎಂದು ಹಿಗ್ಗಿಸಿ ದೊಡ್ಡ ಪಿಸ್ಟನ್ ಹಾಕುವುದುಂಟು. ನಾಲ್ಕಾರು ಸಲಕ್ಕೆ ಆ ದಾರಿ ಮುಗಿಯುತ್ತದೆ, ಆಮೇಲೆ ಒಳಗೊಂದು ಸ್ಲೀವ್ ಕೂರಿಸಬೇಕು. ಮೈಸೂರಿನ ಕಾರ್ಖಾನೆಯಲ್ಲಿ ಎರಕವಾದ ಬೋರುಗಳು 1996ರ ಈಚೆಗೆ ಒಂದೂ ಹೆಚ್ಚಾಗಿಲ್ಲ, ಇರುವುದೇ ಕಡಿಮೆಯಾಗುತ್ತಿದೆ. ಅರ ತಿಂದ ಕಬ್ಬಿಣ ಮರಳುವುದಿಲ್ಲ. ಆ ಬೋರಿನಲ್ಲೇ ಅಪ್ಪ ಮಗಳ ಮದುವೆಯ ಕರೆಯೋಲೆ ಹಂಚಿದ್ದರು, ಹೆರಿಗೆ ನೋವಿನ ಹೆಂಡತಿಯನ್ನು ಕೂರಿಸಿಕೊಂಡು ಸಿರುಗುಪ್ಪದಿಂದ ಬಳ್ಳಾರಿಗೆ ಐವತ್ತು ಚಿಲ್ಲರೆ ಕಿಲೋಮೀಟರ್ ಬಂದಿದ್ದರು. ಆ ದಿನ ಹುಟ್ಟಿದವನೇ ಎದುರಿಗೆ ನಿಂತಿದ್ದ ಈ ಗಿರಾಕಿ.

ಹುಡುಗ ಉತ್ತರ ಹೇಳಲಿಲ್ಲ. ಗುಜರಿಯಲ್ಲಿ ತೂಕದ ಲೆಕ್ಕದಲ್ಲಿ ಬಿದ್ದಿದ್ದ ಇನ್ನೊಂದು ರೋಡ್‌ಕಿಂಗ್ ಬೋರನ್ನು ಹುಡುಕಿ ತಂದ. ಅರ ಅದಕ್ಕೆ ಬಿತ್ತು. ಅಪ್ಪನ ಬೋರಿಗೆ ಎಣ್ಣೆ ಸವರಿ, ಬಟ್ಟೆ ಸುತ್ತಿ, ಅಕ್ಕಿ ಚೀಲದಲ್ಲಿ ಕಟ್ಟಿಟ್ಟರು.

ಅರಕ್ಕಿಂತ ಮೊದಲು ಉಸ್ತಾದರು ಬ್ರೇಕು ಬಿಚ್ಚಿದ್ದರು ಎಂಬುದನ್ನು ಹೇಳಲೇಬೇಕು. ನೂರಕ್ಕೆ ಬದಲು ನೂರಿಪ್ಪತ್ತರಲ್ಲಿ ಹೋಗಲು, ಗಾಳಿಯ ತಡೆಯೊಂದನ್ನೇ ಹಿಡಿದರೂ ಮುಕ್ಕಾಲು ಪಾಲು ಹೆಚ್ಚು ಶಕ್ತಿ ಬೇಕು. ನಿಲ್ಲಿಸುವಾಗ ಬ್ರೇಕು ನುಂಗಬೇಕಾದ ಚಲನಶಕ್ತಿಯೂ ನೂರಕ್ಕೆ ನಲವತ್ತನಾಲ್ಕರಷ್ಟು ಹೆಚ್ಚು. ರೋಡ್‌ಕಿಂಗ್‌ನದು ಎರಡೂ ಗಾಲಿಗೆ ಡ್ರಮ್ ಬ್ರೇಕು. ಸುಗ್ಗಿಯಲ್ಲಿ ಸಿರುಗುಪ್ಪದ ಕಡೆ ಡಾಂಬರಿನ ಅರ್ಧ ಭಾಗ ಭತ್ತ ಒಣಹಾಕುವ ಕಣವಾಗಿರುತ್ತದೆ. ರಾತ್ರಿ ಹಿಂದಿನ ದೀಪವಿಲ್ಲದ ಟ್ರಾಕ್ಟರ್ ಟ್ರೇಲರುಗಳು ಗೋಡೆಯಂತೆ ಎದುರಾಗುತ್ತವೆ. ಡ್ರಮ್ ಲೇತಿಗೆ ಹಾಕಿಸಿ, ಹೊಸ ಲೈನಿಂಗ್ ಕೂರಿಸಿದ ಮೇಲೆಯೇ ಉಳಿದ ಕೆಲಸ.

ಇನ್ನೊಂದು ಶತ್ರು ಬಳ್ಳಾರಿಯ ಬಿಸಿಲು. ಅಲ್ಯುಮಿನಿಯಂ ಪಿಸ್ಟನ್ ಬೀಡುಕಬ್ಬಿಣಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚಾದರೆ ಕಾವು ಏರಿ ಪಿಸ್ಟನ್ ಬೋರಿಗೆ ಕಚ್ಚಿಕೊಳ್ಳುತ್ತದೆ. ಓಡುತ್ತಿರುವಾಗ ಇಂಜಿನ್ ಸೀಜ್ ಆದರೆ ಹಿಂದಿನ ಗಾಲಿಯೂ ನಿಂತುಬಿಡಬಹುದು. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರಷ್ಟು ಎಥೆನಾಲ್ ಇರುವುದರಿಂದ ಹಳೆಯ ಜೆಟ್ಟಿಗೆ ಮಿಶ್ರಣ ಇನ್ನಷ್ಟು ತೆಳುವಾಗುತ್ತದೆ. ಉಸ್ತಾದರು ದೊಡ್ಡ ಜೆಟ್ ಹಾಕಿದರು, ಕಾರ್ಬುರೇಟರಿನ ಹಳೆಯ ರಬ್ಬರುಗಳನ್ನೂ ಬದಲಿಸಿದರು. ಕಾನೂನಿನ ಮಾತು ಬೇರೆಯೇ ಇದೆ: ತಯಾರಕರು ಕೊಟ್ಟ ಮೂಲ ವಿವರಗಳು ಬದಲಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಳಚಿದ್ದ ಸೈಲೆನ್ಸರ್ ತಡೆ ಮರಳಿ ಒಳಗೆ ಹೋದದ್ದು ಶ್ರುತಿಗಾಗಿಯೋ ಪೊಲೀಸರಿಗಾಗಿಯೋ ಹೇಳುವುದು ಕಷ್ಟ.

ಸಿರುಗುಪ್ಪ ರಸ್ತೆಯಲ್ಲಿ ಅಕ್ಕಿ ಗಿರಣಿಯ ಲಾರಿಗಳ ಸಾಲು. ಹಾಗಾಗಿ ಒಂದು ನಸುಕಿನಲ್ಲಿ ಕುರುಗೋಡು ರಸ್ತೆ ಹಿಡಿದರು. ಬಂಡೆಗುಡ್ಡಗಳ ನಡುವೆ ಅಂಥ ವೇಗ ಸಲ್ಲದು, ಆದರೂ ಹೋದರು. ಗಾಡಿಯ ಮುಳ್ಳು ನೂರಿಪ್ಪತ್ತೈದು ತೋರಿಸಿತು. ಜೇಬಿನ ಮೊಬೈಲು ನೂರಹನ್ನೆರಡು ಎಂದಿತು. ಹುಡುಗ ಮುಳ್ಳನ್ನೇ ನಂಬಿದ. ಉಸ್ತಾದರು ಎರಡನ್ನೂ ನೋಡದೆ ಪ್ಲಗ್ ಬಿಚ್ಚಿ ಬಣ್ಣ ನೋಡಿದರು. ಬಿಸ್ಕತ್ತಿನ ಕಂದು. "ಐತೆ," ಎಂದರು.

ಮುಂದಿನ ವಾರ ಅಪ್ಪ ಎಂದಿನಂತೆ ಮೂಟೆ ಹೇರಿ ಕಾಲುವೆ ಏರಿ ಹತ್ತಲು ಹೋದರೆ ಗಾಡಿ ಎರಡನೇ ಗೇರಿನಲ್ಲಿ ಮಿಸುಕಲಿಲ್ಲ. ಕ್ಲಚ್ಚು ಸುಟ್ಟ ವಾಸನೆ ಬಂತು. ಸಿಟ್ಟಿನಲ್ಲಿ ಬಳ್ಳಾರಿಗೆ ಬಂದವರ ಎದುರು ಉಸ್ತಾದರು ಅಕ್ಕಿ ಚೀಲ ಬಿಚ್ಚಿದರು. ತಮ್ಮ ಬೋರಿಗೆ ಗೀರೂ ಬಿದ್ದಿಲ್ಲವೆಂದು ಬೆರಳಾಡಿಸಿ ನೋಡಿದ ಮೇಲೆ ಗೌಡರ ದನಿ ಇಳಿಯಿತು.

"ಲೀಟರಿಗೆ ಎಷ್ಟು ಕೊಡ್ತದೆ ಇವಂದು?"

"ನಿಮ್ದಕ್ಕಿಂತ ಕಮ್ಮಿ, ಗೌಡ್ರೆ."

ಅಲ್ಲಿಗೆ ಒಪ್ಪಂದವಾಯಿತು. ನಾಟಿಯಿಂದ ಸುಗ್ಗಿ ಮುಗಿಯುವವರೆಗೆ ಅಪ್ಪನ ಬೋರು. ಸುಗ್ಗಿ ಮುಗಿದು ಕುರುಗೋಡಿನ ದೊಡ್ಡಬಸವೇಶ್ವರನ ತೇರಿನವರೆಗೆ ಮಗನದು. ಬದಲಿಸಲು ಒಂದು ಬೆಳಗು ಸಾಕು. ಹಾಳಾಗುವುದು ಗ್ಯಾಸ್ಕೆಟ್ ಮಾತ್ರ. ಉಸ್ತಾದರು ಒಂದು ಡಜನ್ ಕತ್ತರಿಸಿ ಕೊಟ್ಟಿದ್ದಾರೆ.