ಕೂಳೂರು ಡೈರಿ, ಭಾಗ 6: ಹೋಗ್ಲಿಕ್ಕೆ ಎರಡು ಗಂಟೆ, ಬರ್ಲಿಕ್ಕೆ ಐದು!

ಫೋಟೋದಲ್ಲಿರುದು ಅಪ್ಪನ ಟಿಕೆಟ್. ಸ್ವಲ್ಪ ಝೂಮ್ ಮಾಡಿ ನೋಡಿ. ಮಂಗಳೂರಿಂದ ರಾತ್ರಿ 8ಕ್ಕೆ ಹೊರಟು ದುಬೈಗೆ 10ಕ್ಕೆ. ಅಲ್ಲಿಂದ ರಾತ್ರಿ 11.10ಕ್ಕೆ ಹೊರಟು ಇಲ್ಲಿಗೆ ಬೆಳಿಗ್ಗೆ 4.10ಕ್ಕೆ.

ಸಣ್ಣವಳಿದ್ದಾಗ ನಾನು ಅಂದ್ಕೊಂಡದ್ದು ಎಂತ ಗೊತ್ತುಂಟಾ? ಅಪ್ಪನಿಗೆ ಹೋಗುದು ಸುಲಭ, ನಮ್ಮ ಹತ್ರ ಬರುದೇ ಕಷ್ಟ ಅಂತ.

ಲೆಕ್ಕ ಇಷ್ಟೇ ಮಾರ್ರೆ. ಟಿಕೆಟಲ್ಲಿ ಇರುದು ಆಯಾ ಊರಿನ ಗಡಿಯಾರದ ಸಮಯ. ಭಾರತದ ಗಡಿಯಾರ ನಡೆಯುದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ, ಯುಎಇಯದ್ದು 60 ಡಿಗ್ರಿಯ ಲೆಕ್ಕದಲ್ಲಿ. ಒಂದು ಡಿಗ್ರಿಗೆ 4 ನಿಮಿಷ, 22.5 ಡಿಗ್ರಿಗೆ 90 ನಿಮಿಷ. ಹೋಗುವಾಗಿನ ಎರಡಕ್ಕೆ ಒಂದೂವರೆ ಕೂಡಿಸಿ, ಬರುವಾಗಿನ ಐದರಲ್ಲಿ ಒಂದೂವರೆ ಕಳೆಯಿರಿ. ಎರಡೂ ಮೂರೂವರೆ ಗಂಟೆಯೇ! ದೂರ ಸುಮಾರು 2,450 ಕಿ.ಮೀ. ನಮ್ಮ ಬೆಂಗಳೂರು ಬಸ್ಸಿಗೆ 350 ಕಿ.ಮೀ. ಹೋಗ್ಲಿಕ್ಕೆ ಇದರ ಎರಡರಷ್ಟು ಹೊತ್ತು ಬೇಕು.

2006ರಲ್ಲಿ ಬಜ್ಪೆಯಿಂದ ದುಬೈಗೆ ನೇರ ವಿಮಾನ ಶುರುವಾಯ್ತು. ಅದಕ್ಕೂ ಮೊದಲು ಅಪ್ಪ ಬಸ್ಸಲ್ಲಿ ಮುಂಬೈಗೆ ಹೋಗಿ ಅಲ್ಲಿಂದ ವಿಮಾನ ಹತ್ತಿದವರು. ಹಾಗಾಗಿ ಅವರಿಗೆ ಈಗಿನದ್ದು ಪ್ರಯಾಣವೇ ಅಲ್ಲ. "ಒಂದು ನಿದ್ರೆ, ಊರು ಬಂತು" ಅಂತಾರೆ.

ಅಮ್ಮನಿಗೆ ಮಾತ್ರ ಹಾಗಲ್ಲ. ಅಪ್ಪ ಬರುವ ರಾತ್ರಿ ಅವರು ಮಲಗುದೇ ಇಲ್ಲ. "ಲ್ಯಾಂಡ್ ಆಯ್ತು" ಅಂತ ಮೆಸೇಜ್ ಬಂದ ಮೇಲೆಯೇ ಚಾಕ್ಕೆ ನೀರಿಡುದು. ನಾನು ಸುಮಾರು ಸಲ ತಮಾಷೆ ಮಾಡಿದ್ದೇನೆ.

ಕೂಳೂರಿಂದ ತಣ್ಣೀರುಬಾವಿ ಬೀಚಿಗೆ ಹೋಗುವಾಗ ಫಲ್ಗುಣಿ ನದಿ ಹತ್ರ ಒಂದು ಸ್ಮಾರಕ ಪಾರ್ಕ್ ನೋಡಿದ್ದೀರಲ್ಲ? ನಾವೆಲ್ಲ ಬೈಕಲ್ಲಿ ದಾಟಿ ಹೋಗ್ತೇವೆ, ನಿಲ್ಲುದಿಲ್ಲ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನದಲ್ಲಿ ತೀರಿಹೋದ 158 ಜನರ ನೆನಪಿಗೆ ಇರುದು ಅದು. ಗುರುತೇ ಸಿಗದವರನ್ನು ಮಣ್ಣು ಮಾಡಿದ್ದೂ ಅಲ್ಲೇ. ಬದುಕಿದ್ದು ಎಂಟೇ ಜನ. ಆ ವಿಮಾನ ದುಬೈ ಬಿಟ್ಟದ್ದು ನಮ್ಮ ಗಡಿಯಾರದಲ್ಲಿ ನಸುಕಿನ ಎರಡೂವರೆ ಹೊತ್ತಿಗೆ. ದುರಂತ ಆದದ್ದು ಬೆಳಿಗ್ಗೆ ಆರು ಗಂಟೆ ಕಳೆದು ಐದು ನಿಮಿಷಕ್ಕೆ. ಮೂರೂವರೆ ಗಂಟೆ ಮುಗಿದಿತ್ತು, ಚಕ್ರ ರನ್‌ವೇ ಮುಟ್ಟಿಯೂ ಆಗಿತ್ತು.

ಆಗ ನನಗೆ ಐದು ವರ್ಷ. ಅಪ್ಪ ಆ ವಿಮಾನದಲ್ಲಿ ಇರ್ಲಿಲ್ಲ, ದುಬೈಯ ರೂಮಲ್ಲೇ ಇದ್ದರು. ಅದು ಗೊತ್ತಿದ್ದೂ ಅಮ್ಮ ಟಿವಿ ಮುಂದೆ ಕೂತು ಅವರಿಗೆ ಫೋನ್ ಮಾಡ್ತಾನೇ ಇದ್ರಂತೆ. ಇದನ್ನು ನನಗೆ ಹೇಳಿದ್ದು ಮೊನ್ನೆ ಮೊನ್ನೆ.

ಇವತ್ತು ರಾತ್ರಿ ಅಪ್ಪ ಬರ್ತಾರೆ. ಈ ಸಲ ಅಮ್ಮನ ಜೊತೆ ನಾನೂ ಎಚ್ಚರ ಇರ್ತೇನೆ. ಮೆಸೇಜ್ ಬಂದ ಮೇಲೆ ಚಾಕ್ಕೆ ನೀರು ನಾನಿಡುದು.

ನೀವೂ ಎಲ್ಲಿಗೇ ಹೋಗಿ, ಇಳಿದ ಕೂಡ್ಲೇ ಮನೆಗೊಂದು ಮೆಸೇಜ್ ಹಾಕಿ. ನಿಮ್ಮ ಮನೇಲಿ ಎಚ್ಚರ ಇರುದು ಯಾರು? ಕಮೆಂಟಲ್ಲಿ ಹೇಳಿ.

#ಕೂಳೂರುಡೈರಿ #ಕುಡ್ಲ